ಬುಡಾಪೆಸ್ಟ್ ಭಾನುವಾರಗಳು

25 ಜೂನ್ 1995, ಭಾನುವಾರ

ವೇದಾ ಅವರನ್ನು ಊಟಕ್ಕೆ ಕರೆದದ್ದು ನಾನೇ. ಇದನ್ನು ಮೊದಲು ಬರೆದುಬಿಡುತ್ತೇನೆ. ಆಮೇಲೆ ಬೇರೆ ಯಾರನ್ನೂ ದೂರುವ ಹಾಗಿಲ್ಲ.

ಹುಬ್ಬಳ್ಳಿಯಿಂದ ಬಡ್ತಿಯ ಮೇಲೆ ನಮ್ಮ ವಿಮಾ ಕಚೇರಿಗೆ ಬಂದಿದ್ದಾರೆ. ಗಂಡ ಸತ್ಯಪ್ರಕಾಶ ಅಲ್ಲೇ ರೈಲ್ವೆಯಲ್ಲಿ. ಈಕೆ ಇಲ್ಲಿ ಫತೇಗಂಜ್‌ನಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದಾರೆ. ವಡೋದರಾಕ್ಕೆ ಹೊಸದಾಗಿ ಬಂದ ಕನ್ನಡದವರನ್ನು ಒಂದು ಸಲವಾದರೂ ಮನೆಗೆ ಕರೆಯದಿದ್ದರೆ ನನಗೆ ಸಮಾಧಾನವಿಲ್ಲ. ನಾವು ಬಂದಾಗ ನಮ್ಮನ್ನೂ ಹೀಗೆ ಯಾರೋ ಕರೆದಿದ್ದರು.

ಊಟವಾದ ಮೇಲೆ ಇವರು ಎಂದಿನಂತೆ ಚೆಸ್ ಮಣೆ ತೆಗೆದರು. ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ಭಾನುವಾರ ಊಟದ ನಂತರ ನಾವಿಬ್ಬರೂ ಒಂದು ಆಟ. ಬಿಳಿ ಯಾವಾಗಲೂ ನನ್ನದು. ನನಗೆ ಆಟ ಕಲಿಸಿದವರು ಇವರೇ. ಮೊದಲ ದಿನ "ಬಿಳಿ ನಿನ್ನದು" ಎಂದು ಕೊಟ್ಟದ್ದನ್ನು ಮತ್ತೆ ಯಾವತ್ತೂ ಹಿಂದಕ್ಕೆ ಪಡೆದಿಲ್ಲ. ನಾನು ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುತ್ತೇನೆ, ಇವರು ನಿಧಾನವಾಗಿ ಕೋಟೆ ಕಟ್ಟುತ್ತಾರೆ, ಕಾಫಿಯ ಹೊತ್ತಿಗೆ ಯಾರೋ ಒಬ್ಬರು ಗೆದ್ದಿರುತ್ತೇವೆ.

"ಅಯ್ಯ, ಅಕ್ಕಾರ, ನೀವೂ ಆಡ್ತೀರಿ?" ಎಂದರು ವೇದಾ.

"ಆಡ್ತಾಳೆ ಅಂದ್ರೆ?" ಎಂದರು ಇವರು. "ನಿಮ್ಮ ವಿಮಾ ವಲಯದ ಚೆಸ್ ತಂಡದಲ್ಲಿ ಹೆಂಗಸರಿಗೆ ಇರೋದೇ ಒಂದು ಜಾಗ. ಅದು ವರ್ಷಗಳಿಂದ ನಮ್ಮ ಇಂದೂದೇ."

"ಹೌದ್ರಿ? ನಾನೂ ಹುಬ್ಬಳ್ಯಾಗ ಇದ್ದಾಗ ಅಲ್ಲಿ ವಲಯಕ್ಕ ಆಡ್ತಿದ್ದೆ. ಇಲ್ಲಿ ಸೆಪ್ಟೆಂಬರದಾಗ ಸೂರತ್ತಿನ್ಯಾಗ ಆಯ್ಕೆ ಅದ ಅಂದ್ರು. ಹೆಸರು ಕೊಟ್ಟೇನಿ."

ನಾನು ಮಜ್ಜಿಗೆ ಬಗ್ಗಿಸುತ್ತಿದ್ದೆ. ಚೆಲ್ಲಲಿಲ್ಲ. ಆದರೆ ಚೆಲ್ಲಲಿಲ್ಲ ಎಂಬುದನ್ನು ಗಮನಿಸಿದೆ.

"ಹಾಗಾದ್ರೆ ಬನ್ನಿ, ಒಂದು ಆಟ. ಬಿಳಿ ತಗೊಳ್ಳಿ," ಎಂದರು ಇವರು.

"ಬ್ಯಾಡ್ರಿ ರಘುರಾಮ ಅವ್ರ. ನನಗ ಕರೀವ ಇರ್ಲಿ."

ಇವರು ನನ್ನ ಹಾಗೆಯೇ ರಾಣಿಯ ಕಾಲಾಳನ್ನು ನಡೆಸಿದರು. ಆಕೆ ಎರಡನೇ ನಡೆಯಲ್ಲೇ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿ, ಹೊಡೆಯಿರಿ ಎನ್ನುವಂತೆ ನಡುವೆ ಇಟ್ಟುಬಿಟ್ಟರು. ಪುಕ್ಕಟೆ. ಇವರು ಹೊಡೆದರು. ಆಕೆಯ ಕುದುರೆ ಮುಂದಕ್ಕೆ ಹಾರಿತು. ಆಮೇಲಿನದು ಬಹಳ ಹೊತ್ತು ನಡೆಯಲಿಲ್ಲ. ಇವರು ಸೋತು, ಕುರ್ಚಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಇಷ್ಟು ವರ್ಷಗಳಲ್ಲಿ ನನ್ನ ಎದುರು ಎಷ್ಟೋ ಸಲ ಸೋತಿದ್ದಾರೆ. ಆ ನಗು ಮಾತ್ರ ನನಗೆ ಪರಿಚಯದ್ದಲ್ಲ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಓದಿದವಳಿಗೆ ಇಂಗ್ಲಿಷೇ ಸುಲಭ. ಆದರೆ ಮಗಳು ನೇಹಾಗೆ ಕನ್ನಡ ಓದಲು ಬರುವುದಿಲ್ಲ.

2 ಜುಲೈ, ಭಾನುವಾರ

ಇವತ್ತೂ ಬಂದಿದ್ದರು. ಕರೆದದ್ದು ನಾನಲ್ಲ.

ಶೇಂಗಾ ಚಟ್ನಿಪುಡಿ ತಂದಿದ್ದರು. ಚೆನ್ನಾಗಿತ್ತು. ಇವರು ಮೂರು ಆಟ ಆಡಿದರು, ಮೂರರಲ್ಲೂ ಆಕೆಗೆ ಕರಿ. ಒಂದನ್ನು ಇವರು ಗೆದ್ದಾಗ ಮೇಜನ್ನು ಅಂಗೈಯಿಂದ ಬಡಿದರು. ನೇಹಾ ತನ್ನ ಹನ್ನೆರಡನೇ ತರಗತಿಯ ಪುಸ್ತಕ ಬಿಟ್ಟು ಬಂದು ಪಕ್ಕದಲ್ಲಿ ಕೂತಳು. ಚೆಸ್ ಎಂದರೆ ಆಕಳಿಸುವ ಹುಡುಗಿ.

"ಅಮ್ಮಾ, ವೇದಾ ಆಂಟಿ ಏಕ್‌ದಮ್ ಬಿಂದಾಸ್," ಎಂದಳು, ಅವರು ಹೋದ ಮೇಲೆ. "ನೀನು ಯಾಕೆ ಹಾಗೆ ಆಡಲ್ಲ?"

"ಹಾಗೆ ಅಂದ್ರೆ?"

"ಹಾಗೆ. ಮಾರ್ ದೋ, ಅನ್ನೋ ಥರ."

ನಾನು ಪಾತ್ರೆ ಎತ್ತಿಟ್ಟೆ. ನಮ್ಮ ಭಾನುವಾರದ ಆಟ ಆಗಲಿಲ್ಲ. ಅದು ಆಗಲಿಲ್ಲವೆಂದು ಇವರಿಗೆ ನೆನಪೂ ಆಗಲಿಲ್ಲ.

5 ಜುಲೈ

ನಮ್ಮ ಹಳೆಯ ಆರಂಭದ ನಡೆಗಳ ಪುಸ್ತಕದಲ್ಲಿ ಹುಡುಕಿದೆ. ಅದಕ್ಕೆ ಬುಡಾಪೆಸ್ಟ್ ಗ್ಯಾಂಬಿಟ್ ಎಂದು ಹೆಸರು. ರಾಣಿಯ ಕಾಲಾಳಿನಿಂದ ಶುರುಮಾಡುವವರನ್ನು ನೆಮ್ಮದಿಯಿಂದ ಕೂರಲು ಬಿಡಬಾರದು ಎಂಬ ಒಂದೇ ಉದ್ದೇಶದ ಆಟ. ಒಂದು ಕಾಲಾಳನ್ನು ಬಿಟ್ಟುಕೊಟ್ಟು, ಕಾಯಿಗಳನ್ನೆಲ್ಲ ಬೇಗ ಹೊರಗೆ ತಂದು, ಮನೆಗೇ ನುಗ್ಗುವುದು. ಪುಸ್ತಕ ಅದಕ್ಕೆ ಒಂದೂವರೆ ಪುಟ ಕೊಟ್ಟಿದೆ. ಕೊನೆಯಲ್ಲಿ, ಸರಿಯಾಗಿ ಎದುರಿಸಿದರೆ ಬಿಳಿಯವರಿಗೇ ಸ್ವಲ್ಪ ಮೇಲು ಎಂದಿದೆ.

ಆ ವಾಕ್ಯವನ್ನು ಮೂರು ಸಲ ಓದಿ ಸಂತೋಷಪಟ್ಟೆ. ಇಷ್ಟು ಸಣ್ಣವಳೇ ನಾನು?

14 ಜುಲೈ, ಶುಕ್ರವಾರ

ಊಟದ ಬಿಡುವಿನಲ್ಲಿ ಕಚೇರಿಯ ಕ್ಲಬ್ ಕೋಣೆಯಲ್ಲಿ ವೇದಾಳೊಂದಿಗೆ ಆಡಿದೆ. ಇನ್ನು 'ಅವರು' ಎಂದು ಬರೆಯುವುದಿಲ್ಲ, ನನ್ನದೇ ಪುಸ್ತಕ ಇದು.

ನನಗೆ ಬಿಳಿ. ನಾನು ಪುಸ್ತಕ ಓದಿಕೊಂಡಿದ್ದೆ. ಅವಳ ಒಂಟೆ ನನ್ನ ಬದಿಗೆ ಬಂದು ಚೆಕ್ ಕೊಟ್ಟು ಕೂತಿತ್ತು. ನಾನು ಕುದುರೆಯನ್ನು ಅಡ್ಡ ಇಟ್ಟು, ಆಮೇಲೆ ಮೂಲೆಯ ಕಾಲಾಳನ್ನು ಒಂದು ಮನೆ ಮುಂದೆ ತಂದು ಒಂಟೆಯನ್ನು ಕೇಳಿದೆ, ಹೋಗುತ್ತೀಯೋ ಇಲ್ಲವೋ ಎಂದು. ಅವಳು ಒಂಟೆಯ ಕಡೆ ನೋಡಲೇ ಇಲ್ಲ. ಬೇರೆಲ್ಲೋ ಕುದುರೆಯಿಂದ ಒಂದು ಕಾಲಾಳನ್ನು ಹೊಡೆದಳು. ಮರೆತಿದ್ದಾಳೆ ಎಂದುಕೊಂಡೆ. ಅವಳೂ ಮರೆಯುತ್ತಾಳೆ ಎಂಬ ಖುಷಿಯಲ್ಲಿ ಒಂಟೆಯನ್ನು ಹೊಡೆದೆ.

ಕುದುರೆ ನನ್ನ ರಾಜನ ಮಗ್ಗುಲಿಗೆ ಹಾರಿತು. ಚೆಕ್‌ಮೇಟ್. ರಾಣಿ, ಒಂಟೆ, ಕುದುರೆ, ಕಾಲಾಳು ಎಲ್ಲ ರಾಜನ ಸುತ್ತ ತುಂಬಿಕೊಂಡು ನಿಂತಿವೆ, ಅವನಿಗೆ ಕಾಲಿಡಲು ಒಂದು ಮನೆಯಿಲ್ಲ. ರಾಜನ ಮುಂದಿನ ಕಾಲಾಳು ಆ ಕುದುರೆಯನ್ನು ಹೊಡೆಯಬಹುದಿತ್ತು. ಆದರೆ ಅದು ಅಲುಗಿದರೆ ಸಾಕು, ನೇರ ಗೆರೆಯ ಆ ತುದಿಯಲ್ಲಿ ಅವಳ ರಾಣಿ ಕಾದಿದ್ದಳು.

ಸುತ್ತ ಇಡೀ ವಿಭಾಗ ನಿಂತಿತ್ತು. ಶಕುಂತಲಾಬೆನ್ ಡಬ್ಬಿಯ ಮುಚ್ಚಳ ಹಾಕುತ್ತ, "ಅರೇರೇ, ರಾಜಾ ಘರಮಾ ಜ ಮರೀ ಗಯೋ!" ಎಂದರು. ರಾಜ ಮನೆಯೊಳಗೇ ಸತ್ತನಂತೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ," ಎಂದಳು ಅವಳು. "ಇದಕ್ಕ ಮೊದಲನೇ ಸಲ ಎಲ್ಲಾರೂ ಬೀಳ್ತಾರ. ನಾನೂ ಬಿದ್ದೇನಿ."

ಕರುಣೆ ತೋರದೆ ಇದ್ದಿದ್ದರೆ ಕ್ಷಮಿಸುತ್ತಿದ್ದೆ.

16 ಜುಲೈ, ಭಾನುವಾರ

ತಲೆನೋವು ಎಂದು ಹೇಳಿ ಒಳಗೆ ಮಲಗಿದ್ದೆ. ಹೊರಗಿನಿಂದ ಕಾಯಿಗಳ ಸದ್ದು, ಇವರ ನಗು.

ನನಗೆ ಏನು ಅನುಮಾನ? ಪ್ರಾಮಾಣಿಕವಾಗಿ ಕೇಳಿಕೊಂಡೆ. ಅಂಥದ್ದೇನೂ ಇಲ್ಲ. ಇವರು ಅವಳ ಮುಖವನ್ನು ನೋಡುವುದಿಲ್ಲ, ಕೈಯನ್ನೂ ನೋಡುವುದಿಲ್ಲ, ಮಣೆಯನ್ನು ಮಾತ್ರ ನೋಡುತ್ತಾರೆ. ಹಾಗೆ ಇವರು ನನ್ನ ಮಣೆಯನ್ನು ಯಾವಾಗ ನೋಡಿದ್ದರು? ಅಂಥದ್ದೇನಾದರೂ ಇದ್ದಿದ್ದರೆ ಜಗಳವಾಡಬಹುದಿತ್ತು, ಯಾರಿಗಾದರೂ ಹೇಳಿಕೊಳ್ಳಬಹುದಿತ್ತು. 'ನನ್ನ ಗಂಡ ಬೇರೆಯವಳ ಎದುರು ಗೆಲ್ಲಲು ಪ್ರಯತ್ನಿಸುತ್ತಾರೆ' ಎಂದು ಯಾರ ಹತ್ತಿರ ಅಳುವುದು?

23 ಜುಲೈ, ಭಾನುವಾರ

ಅವಳು ಊರಿಗೆ ಹೋಗಿದ್ದಾಳೆ. ಮಣೆ ನಮ್ಮಿಬ್ಬರದಾಯಿತು.

"ಬಿಳಿ ನಿನ್ನದು," ಎಂದು ಇವರು ಮಣೆಯನ್ನು ತಿರುಗಿಸಿಟ್ಟರು.

"ಇವತ್ತು ನನಗೆ ಕರಿ ಇರಲಿ ರೀ."

"ಯಾಕೆ?"

"ಸುಮ್ಮನೆ."

ಇವರು ಮಣೆ ತಿರುಗಿಸಿದರು. ರಾಣಿಯ ಕಾಲಾಳು. ನಾನು ಬುಡಾಪೆಸ್ಟ್ ಆಡಿದೆ. ಕಾಯಿಗಳು ತಿರುಗುಮುರುಗಾಗಿದ್ದವು. ರಾಣಿ ಎಡಕ್ಕೋ ಬಲಕ್ಕೋ ಎಂದು ಎರಡು ಸಲ ತಡಕಾಡಿದೆ. ಆರು ವರ್ಷ ವಲಯಕ್ಕೆ ಆಡಿದವಳು! ಅಲ್ಲಿ ಕರಿ ಬಂದಾಗಲೆಲ್ಲ ಗೋಡೆ ಕಟ್ಟಿಕೊಂಡು ಡ್ರಾ ಮಾಡಿ ಬರುತ್ತಿದ್ದೆ. ಬಿಳಿಯಲ್ಲಿ ಗೆದ್ದು ಜಾಗ ಉಳಿಸಿಕೊಂಡಿದ್ದೆ. ಕರಿಯಲ್ಲಿ ಕೂತು ಗೆಲ್ಲಬೇಕೆಂದು ಯೋಚಿಸುವುದನ್ನೇ ಕಲಿತಿರಲಿಲ್ಲ. ಪ್ರೀತಿಯಿಂದ ಕೊಟ್ಟ ಬಿಳಿ. ಯಾರ ಮೇಲೆ ಸಿಟ್ಟಾಗಲಿ?

ಬೇಗ ಸೋತೆ. ಇವರು ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ, "ನೋಡು ಇಂದು, ಇದು ನಿನ್ನ ಸ್ವಭಾವಕ್ಕೆ ಒಗ್ಗಲ್ಲಮ್ಮಾ. ನೀನು ನಿಧಾನಸ್ಥೆ. ಇದಕ್ಕೆ ಸ್ವಲ್ಪ ಹುಚ್ಚು ಬೇಕು," ಎಂದರು.

ನನ್ನ ಹತ್ತಿರ ಹುಚ್ಚಿಲ್ಲವೆಂದು ಇವರಿಗೆ ಹೇಗೆ ಗೊತ್ತು?

30 ಜುಲೈ

ಬಂದಳು. ಆಡಿದರು. ಹೋದಳು.

6 ಆಗಸ್ಟ್, ಭಾನುವಾರ

ನಾನು ಚಪಾತಿ ಲಟ್ಟಿಸುವಾಗ ವೇದಾ ಅಡುಗೆಮನೆಗೆ ಬಂದು ಬೇಯಿಸತೊಡಗಿದಳು. ಬೇಡವೆಂದರೂ ಕೇಳಲಿಲ್ಲ. ಬರಿಗೈಯಲ್ಲೇ ಚಪಾತಿ ತಿರುವುತ್ತಾಳೆ.

"ನಿಮಗೆ ಕರಿ ಯಾಕೆ ಅಷ್ಟು ಇಷ್ಟ?" ಎಂದು ಕೇಳಿಬಿಟ್ಟೆ.

"ಇಷ್ಟ ಎಲ್ಲೀದ್ರಿ ಅಕ್ಕಾರ! ಮನ್ಯಾಗ ಮೂರು ಮಂದಿ ಅಣ್ಣಂದ್ರು. ಬಿಳೀವು ಕಸ್ಗೊಂಡು ಕೂಡ್ತಿದ್ರು. ಕೇಳಿದ್ರ, ನೀ ಹುಡುಗಿ, ಸುಮ್ ಕೂಡು ಅಂತಿದ್ರು. ನನಗ ಉಳಿದಿದ್ದು ಕರೀವು. ಸುಮ್ ಕೂತ್ರ ಹೊಡದ ಹಾಕ್ತಿದ್ರು. ಹಿಂಗಾಗಿ ಮೊದಲ ನಾನ ಹೊಡೀಲಿಕ್ಕೆ ಕಲತೆ."

ನಕ್ಕಳು. ನನಗೆ ಅವಳ ಅಣ್ಣಂದಿರ ಮೇಲೂ ಹೊಟ್ಟೆಕಿಚ್ಚಾಯಿತು. ನನ್ನಿಂದ ಯಾರೂ ಏನನ್ನೂ ಕಸಿದುಕೊಂಡಿಲ್ಲ. ಕಾನ್ವೆಂಟಿನಲ್ಲಿ ಸಾಲಿನಲ್ಲಿ ನಿಲ್ಲುವುದನ್ನು ಕಲಿಸಿದರು, ನಿಂತೆ. ನನ್ನ ಸರದಿ ತಾನಾಗಿ ಬಂತು.

ಅವಳು ಇವತ್ತು ಇವರ ಜೊತೆ ಎರಡೇ ಆಟ ಆಡಿದಳು. ನಾನು ಪಕ್ಕದಲ್ಲೇ ಕೂತು ನೋಡಿದೆ. ಮೂಲೆಯ ಆನೆಯನ್ನು ಅವಳು ಹೊರಗೆ ತರುವ ರೀತಿಯೇ ಬೇರೆ. ತುದಿಯ ಕಾಲಾಳನ್ನು ಮುಂದೆ ಕಳಿಸಿ, ಅದರ ಹಿಂದಿನಿಂದ ಆನೆಯನ್ನು ಎರಡು ಮನೆ ಎತ್ತಿ, ಆಮೇಲೆ ತನ್ನದೇ ಕಾಲಾಳುಗಳ ಸಾಲಿನ ಎದುರಿಗೆ ಅಡ್ಡಕ್ಕೆ ನಡೆಸಿಕೊಂಡು ಆ ಕಡೆಯ ರಾಜನ ಮೇಲೆ ಬಿಡುತ್ತಾಳೆ. ಇಷ್ಟು ಸೊಗಸಾದದ್ದು ಅವಳ ಕೈಗೆ ಯಾಕೆ ಬಂತು ಎಂದು ಇಡೀ ಮಧ್ಯಾಹ್ನ ಯೋಚಿಸಿದೆ.

12 ಆಗಸ್ಟ್, ಶನಿವಾರ. ಅಹಮದಾಬಾದ್

ತರಬೇತಿಗೆಂದು ಗುರುವಾರದಿಂದ ಇಲ್ಲಿದ್ದೇನೆ. ಸಂಜೆ ಮಾಡಲು ಏನೂ ಕೆಲಸವಿಲ್ಲ. ಎಲಿಸ್ ಬ್ರಿಡ್ಜ್ ಹತ್ತಿರ ಒಂದು ಚೆಸ್ ಕ್ಲಬ್ ಇದೆಯೆಂದು ಕೇಳಿದ್ದೆ. ಮೊದಲ ಸಂಜೆ ಬಾಗಿಲವರೆಗೆ ಹೋಗಿ ಹಿಂದಿರುಗಿದೆ. ನಿನ್ನೆ ಒಳಗೆ ಹೋದೆ. ಎಲ್ಲ ನಿವೃತ್ತ ಗಂಡಸರು, ಫ್ಯಾನಿನ ಕೆಳಗೆ ಚಹಾ, ಹೆಂಗಸೆಂದರೆ ನಾನೊಬ್ಬಳೇ. ಒಬ್ಬರು ಎದ್ದು ಕುರ್ಚಿ ಕೊಟ್ಟರು.

"ಆವೋ ಬೆನ್. ವೈಟ್ ತಮಾರಾ."

ಇಲ್ಲೂ ಅದೇ, ಬಿಳಿ ನಿಮ್ಮದು.

"ನಾ ಭಾಯ್," ಎಂದೆ. "ಬ್ಲ್ಯಾಕ್."

ನಿನ್ನೆ ನಾಲ್ಕು ಆಟದಲ್ಲಿ ಮೂರು ಸೋತೆ. ಇವತ್ತು ಒಂದೂ ಸೋಲಲಿಲ್ಲ. ಕೊನೆಯ ಆಟದಲ್ಲಿ ಮೂಲೆಯ ಆನೆಯನ್ನು ಅವಳ ಹಾಗೆ ನಡೆಸಿದೆ. ಎದುರಿಗಿದ್ದವರು ಮಿಲ್ಲಿನಲ್ಲಿ ಲೆಕ್ಕ ನೋಡುತ್ತಿದ್ದ ವೃದ್ಧರು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ತಮೇ ತೋ ಬಹು ಖತರ್‌ನಾಕ್ ಛೋ, ಬೆನ್!" ಎಂದರು.

ನನ್ನನ್ನು ಜನ ಅಚ್ಚುಕಟ್ಟು ಎಂದಿದ್ದಾರೆ, ಸಮಾಧಾನಿ ಎಂದಿದ್ದಾರೆ. ಖತರ್‌ನಾಕ್ ಎಂದದ್ದು ಇದೇ ಮೊದಲು. ರಿಕ್ಷಾದಲ್ಲಿ ಬರುವಾಗ ಒಬ್ಬಳೇ ನಗುತ್ತಿದ್ದೆ. ಚಾಲಕ ಕನ್ನಡಿಯಲ್ಲಿ ನೋಡಿದ.

ಮನೆಗೆ ಫೋನ್ ಮಾಡಿದೆ. ನೇಹಾ ಎತ್ತಿದಳು. ನಾಳೆ ಭಾನುವಾರ ವೇದಾ ಬರುತ್ತಾಳಂತೆ, ಅಪ್ಪ ಭಜಿಯಾ ತರಿಸುತ್ತಾರಂತೆ. ಭಜಿಯಾ! ನನ್ನ ಆಟಕ್ಕೆ ಕಾಫಿ ಸಾಕಾಗುತ್ತಿತ್ತು, ಅದನ್ನೂ ನಾನೇ ಮಾಡುತ್ತಿದ್ದೆ.

20 ಆಗಸ್ಟ್, ಭಾನುವಾರ

ಈ ವಾರ ದಿನವೂ ಬೆಳಿಗ್ಗೆ ಕಚೇರಿಗೆ ಹೊರಡುವ ಮೊದಲು ಕರಿಯ ಕಡೆ ಕೂತು ಒಬ್ಬಳೇ ಆಡಿದೆ. ಇವರು ಗಡ್ಡ ಹೆರೆಯುತ್ತ ಒಂದೆರಡು ಸಲ ಬಗ್ಗಿ ನೋಡಿದರು. ಸೂರತ್ತಿನಲ್ಲಿ ಅವಳ ಎದುರು ನನಗೆ ಕರಿ ಬಂದರೆ, ಅವಳದೇ ಅಸ್ತ್ರ. ಅವಳಿಗೆ ಗೊತ್ತಿರುವುದಿಲ್ಲ. ಇದಿಷ್ಟೇ ನನ್ನ ಹತ್ತಿರ ಇರುವುದು.

27 ಆಗಸ್ಟ್, ಭಾನುವಾರ

ಇವತ್ತು ಹೆಸರು ಹಿಡಿದೇ ಬರೆಯುತ್ತೇನೆ. ರಘುರಾಮ ಎಲ್ಲವನ್ನೂ ಹಾಳುಮಾಡಿದರು.

ಆಟದ ನಡುವೆ, ಭಜಿಯಾ ಬಾಯಲ್ಲಿಟ್ಟುಕೊಂಡು, ವೇದಾಗೆ ಹೇಳಿದರು: "ಗೊತ್ತಾ ನಿಮಗೆ, ನಮ್ಮ ಇಂದೂನೂ ನಿಮ್ಮ ಬುಡಾಪೆಸ್ಟ್ ಕಲೀತಿದ್ದಾಳೆ. ದಿನಾ ಬೆಳಿಗ್ಗೆ ಅದೇ ತಪಸ್ಸು!"

ವೇದಾ ನನ್ನ ಕಡೆ ತಿರುಗಿದಳು. ಚಮಚ ತಟ್ಟೆಯಲ್ಲಿಟ್ಟಳು. "ಹೌದ್ರಿ ಅಕ್ಕಾರ?"

"ಸುಮ್ಮನೆ ನೋಡ್ತಿದ್ದೆ," ಎಂದೆ.

ಅವಳು ಹೋದ ಮೇಲೆ ಕೇಳಿದೆ, ಯಾಕೆ ಹೇಳಿದಿರಿ ಎಂದು. ರಘುರಾಮ ನಿಜವಾಗಿ ಅರ್ಥವಾಗದೆ ನನ್ನನ್ನು ನೋಡಿದರು.

"ಹೆಮ್ಮೆಯಿಂದ ಹೇಳಿದೆ ಕಣೇ. ಅದರಲ್ಲೇನು?"

"ಸೂರತ್ತಿನಲ್ಲಿ ನಾನು ಅವಳ ಎದುರು ಆಡಬೇಕು."

"ಆಡು. ನಿನ್ನ ಆಟ ಆಡು. ಅದು ಬಿಟ್ಟು ಅವರದನ್ನ ಯಾಕೆ ಆಡ್ತೀಯಾ? ಅವರಿಗೆ ಅದು ರಕ್ತದಲ್ಲಿದೆ. ಅವರನ್ನ ಅವರದೇ ಆಟದಲ್ಲಿ ಸೋಲಿಸೋಕಾಗುತ್ತಾ?"

ಅವರು, ಅವರಿಗೆ, ಅವರದು. ಇನ್ನು ಅವಳಿಗೆ ಎಲ್ಲ ಗೊತ್ತು. ಎರಡನೇ ನಡೆಯಲ್ಲಿ ಮಾಮೂಲಿ ಕಾಲಾಳಿನ ಬದಲು ಕುದುರೆಯನ್ನು ಹೊರಗೆ ತಂದರೆ ಸಾಕು, ಬುಡಾಪೆಸ್ಟ್ ಹುಟ್ಟುವುದೇ ಇಲ್ಲ. ಅವಳು ಹಾಗೇ ಮಾಡುತ್ತಾಳೆ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

8 ಸೆಪ್ಟೆಂಬರ್, ಶುಕ್ರವಾರ

ನಾಳೆ ಬೆಳಿಗ್ಗೆ ಸೂರತ್. ಎರಡನೇ ಶನಿವಾರ, ರಜೆ. ನಾಲ್ಕು ಜನ ಹೆಂಗಸರು, ಪ್ರತಿಯೊಬ್ಬರೂ ಉಳಿದ ಮೂವರೊಂದಿಗೆ ಒಂದೊಂದು ಆಟ, ಹೆಚ್ಚು ಅಂಕದವರಿಗೆ ಜಾಗ. ಆ ಜಾಗವಿಲ್ಲದೆ ನಾನು ಯಾರು? ಅತಿಯಾಯಿತು. ಆದರೂ ಆ ತಂಡದ ಹೆಂಗಸು ಎನ್ನುವುದು ಹೋದರೆ, ಮನೆಯಲ್ಲಿ ಪರಿಚಯ ಮಾಡಿಕೊಡುವಾಗ ರಘುರಾಮ ನನ್ನ ಬಗ್ಗೆ ಏನು ಹೇಳುತ್ತಾರೆ?

ಭಾನುವಾರದ ಆಟ ನೋಡಲು ತಾವೂ ಬರುತ್ತಾರಂತೆ. ಯಾರ ಆಟ ಎಂದು ಕೇಳಲಿಲ್ಲ.

10 ಸೆಪ್ಟೆಂಬರ್, ಭಾನುವಾರ. ಸೂರತ್ತಿನಿಂದ ಬರುವ ರೈಲಿನಲ್ಲಿ

ಅಕ್ಷರಗಳು ಕುಣಿಯುತ್ತಿವೆ, ಆದರೆ ಈಗಲೇ ಬರೆಯಬೇಕು. ಇಲ್ಲದಿದ್ದರೆ ನಡೆಗಳು ಕಲಸಿಹೋಗುತ್ತವೆ.

ನಿನ್ನೆ ಅಹಮದಾಬಾದಿನ ಸುಶೀಲಾ ಜೊತೆ ಡ್ರಾ, ಸೂರತ್ತಿನ ಹುಡುಗಿಯ ಮೇಲೆ ಗೆಲುವು. ವೇದಾ ಎರಡನ್ನೂ ಗೆದ್ದಿದ್ದಳು. ನನಗಿಂತ ಅರ್ಧ ಅಂಕ ಮುಂದೆ. ಇವತ್ತು ನಾನು ಗೆಲ್ಲಲೇಬೇಕು, ಅವಳಿಗೆ ಡ್ರಾ ಸಾಕು. ತೀರ್ಪುಗಾರರು ಮುಷ್ಟಿಯಲ್ಲಿ ಎರಡು ಕಾಲಾಳು ಬಚ್ಚಿಟ್ಟುಕೊಂಡು ಬಂದರು. ನಾನು ಮುಟ್ಟಿದ್ದು ಕರಿ. ಹಿಂದಿನ ಸಾಲಿನಲ್ಲಿ ಕೂತಿದ್ದ ರಘುರಾಮ "ಛೇ" ಎಂದದ್ದು ಇಡೀ ಹಾಲಿಗೆ ಕೇಳಿಸಿತು.

ವೇದಾ ರಾಣಿಯ ಕಾಲಾಳನ್ನು ನಡೆಸಿದಳು. ನಾನು ಕುದುರೆ ತೆಗೆದೆ. ಈಗ ಅವಳು ತನ್ನ ಕುದುರೆಯನ್ನು ಹೊರಗೆ ತಂದರೆ ಮುಗಿಯಿತು, ಸಪ್ಪೆ ಆಟ, ಡ್ರಾ, ಜಾಗ ಅವಳದು. ಅವಳ ಕೈ ಕುದುರೆಯ ಮೇಲೆ ಹೋಯಿತು. ಮುಟ್ಟಲಿಲ್ಲ. ಗಾಳಿಯಲ್ಲೇ ಸ್ವಲ್ಪ ನಿಂತು, ಆ ಮಾಮೂಲಿ ಕಾಲಾಳನ್ನೇ ಎರಡು ಮನೆ ತಳ್ಳಿತು. ಬಾಗಿಲು ತೆರೆದಿತ್ತು.

ತಲೆಯೆತ್ತಿ ನೋಡಿದೆ. ಅವಳು ಮಣೆಯನ್ನೇ ನೋಡುತ್ತಿದ್ದಳು, ತುಟಿಯ ಕೊನೆಯಲ್ಲಿ ಏನೋ. ನಾನು ರಾಜನ ಕಾಲಾಳನ್ನು ಎರಡು ಮನೆ ತಳ್ಳಿದೆ.

ಆಮೇಲೆ ನನಗೆ ಹಾಲಿನಲ್ಲಿ ಇನ್ನಾರೂ ಕಾಣಲಿಲ್ಲ. ಕೊಟ್ಟ ಕಾಲಾಳನ್ನು ಕುದುರೆಯಿಂದ ವಾಪಸು ಪಡೆದೆ. ಮೂಲೆಯ ಆನೆಯನ್ನು ಎತ್ತಿ, ಅಡ್ಡಕ್ಕೆ ನಡೆಸಿ, ಅವಳ ರಾಜನ ನೆತ್ತಿಯ ಮೇಲೆ ತಂದೆ. ರಾಣಿಯನ್ನು ಅದರ ಮುಂದೆ ನಿಲ್ಲಿಸಿದೆ. ಇನ್ನೊಂದೇ ಏಟು. ಅವಳ ಹಣೆಯಲ್ಲಿ ಬೆವರಿತ್ತು. ಬಹಳ ಹೊತ್ತು ಯೋಚಿಸಿದಳು. ಆಮೇಲೆ ಅವಳು, ವೇದಾ, ಕುದುರೆಯನ್ನು ಹಿಂದಕ್ಕೆ, ಕೊನೆಯ ಸಾಲಿಗೆ ಎಳೆದುಕೊಂಡಳು. ಎಲ್ಲಿಗೆ ಏಟು ಬೀಳಬೇಕಿತ್ತೋ ಆ ಮನೆಗೆ ಅಲ್ಲಿಂದ ಕಾವಲು. ಎಷ್ಟು ಸಣ್ಣ, ಎಷ್ಟು ತಾಳ್ಮೆಯ ನಡೆ. ಅದು ನನ್ನ ನಡೆ! ಜೀವಮಾನವೆಲ್ಲ ನಾನು ಆಡಿಕೊಂಡು ಬಂದ ಬಗೆಯ ನಡೆ. ಈಗ, ನಾನು ಹುಚ್ಚಿಯ ಹಾಗೆ ನುಗ್ಗುತ್ತಿರುವಾಗ, ಅದು ಅವಳಿಗೆ ಹೊಳೆಯಿತು. ಹೊಟ್ಟೆ ಉರಿದುಹೋಯಿತು. ಇಷ್ಟು ಶುದ್ಧವಾಗಿ ನಾನು ಯಾವತ್ತೂ ಕರುಬಿರಲಿಲ್ಲ.

ಮುಂದೆ ಕಾಯಿಗಳು ಕರಗುತ್ತ ಹೋದವು. ಆನೆಗೆ ಆನೆ ಉಳಿಯಿತು. ಡ್ರಾ. ಜಾಗ ಅವಳಿಗೆ ಹೋಯಿತು.

ಆಟದ ಹಾಳೆಗೆ ಸಹಿ ಹಾಕಿದ ಮೇಲೆ ಕೇಳಿದೆ, "ಕುದುರೆ ತೆಗೆದಿದ್ರೆ ಸಾಕಿತ್ತಲ್ಲ ವೇದಾ. ಯಾಕೆ ಬಿಟ್ಟಿರಿ?"

"ನನ್ನ ಆಟ ಆ ಕಡೆಯಿಂದ ಬಂದ್ರ ಹ್ಯಾಂಗ ಕಾಣಸ್ತದ, ಒಮ್ಮೆ ನೋಡಬೇಕಿತ್ರಿ," ಎಂದಳು. "ಯಪ್ಪಾ, ಅಂಜಿ ಸತ್ತೆ! ಮಂದಿಗೆ ನಾ ಹಿಂಗ ಮಾಡ್ತಿದ್ನೇನು ಇಷ್ಟ ದಿನ?"

ಆಮೇಲೆ ಇಬ್ಬರೂ ಕಾಯಿ ಜೋಡಿಸಿ ಕೂತೆವು. ಅವಳು ಕುದುರೆಯನ್ನು ಹಿಂದಕ್ಕೆಳೆದ ಜಾಗಕ್ಕೆ ಬಂದಾಗ ತಟ್ಟನೆ ಮಣೆಗೆ ಬೆರಳಿಟ್ಟಳು. "ಅಕ್ಕಾರ, ಇಲ್ಲಿ ನಿಮ್ಮ ಕುದುರಿ ಎಫ್-ಮೂರನೇ ಮನಿಗೆ ಹಾರಿಸಿದ್ರ? ಚೆಕ್!"

"ಪುಕ್ಕಟೆ ಕೊಟ್ಟು?"

"ಪುಕ್ಕಟೆ ಕೊಟ್ಟು!"

ಕಾಲಾಳಿನಿಂದ ಹೊಡೆದರೆ ಅವಳ ರಾಜನ ಮುಂಬಾಗಿಲು ಕಿತ್ತುಹೋಗುತ್ತದೆ. ಒಂಟೆಯಿಂದ ಹೊಡೆದರೆ ಬೇರೆ ಕಥೆ. ನಾನು ಗೆಲ್ಲುತ್ತಿದ್ದೆ ಎಂದು ಅವಳು, ಇಲ್ಲ, ನೀವು ತಪ್ಪಿಸಿಕೊಳ್ಳುತ್ತಿದ್ದಿರಿ ಎಂದು ನಾನು. ಜಾಗ ಸೋತವಳು ಯಾರು, ಗೆದ್ದವಳು ಯಾರು ಎಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಯಾರೋ ತಟ್ಟೆಯಲ್ಲಿ ಸೂರತ್ತಿನ ತಿಂಡಿ ಲೋಚೊ ತಂದಿಟ್ಟರು. ತಣ್ಣಗಾದ ಮೇಲೆ ತಿಂದೆವು.

ರಘುರಾಮ ಹತ್ತಿರ ಬಂದು ನಿಂತಿದ್ದರಂತೆ. ಭುಜ ಮುಟ್ಟಿದಾಗಲೇ ಗೊತ್ತಾದದ್ದು.

"ಬೇಜಾರು ಮಾಡ್ಕೋಬೇಡ ಇಂದು. ಮುಂದಿನ ವರ್ಷ ನೋಡೋಣ. ಹೊರಡೋಣವಾ? ಗಾಡಿಗೆ ಹೊತ್ತಾಯ್ತು."

ಬೇಜಾರು ಯಾವುದಕ್ಕೆ ಎಂದು ಒಂದು ಗಳಿಗೆ ಹೊಳೆಯಲಿಲ್ಲ. "ಒಂದು ನಿಮಿಷ ರೀ, ಒಂಟೆಯಿಂದ ಹೊಡೆದರೆ ಏನಾಗುತ್ತೆ ನೋಡ್ತಿದ್ದೀವಿ."

ಅವರು ಬಗ್ಗಿ ನೋಡಿದರು. "ಇಲ್ಲಿ ಆನೆ ಆಡಬಹುದಲ್ಲ?"

"ಅದು ಆವಾಗ್ಲೇ ನೋಡಿದ್ವಿ, ಆಗಲ್ಲ," ಎಂದೆವು ಇಬ್ಬರೂ ಒಟ್ಟಿಗೆ.

ಇನ್ನೊಮ್ಮೆ ಕರೆದರು. "ನೀವು ಮುಂದೆ ಹೋಗಿ, ನಾವು ಮುಂದಿನ ಗಾಡಿಗೆ ಬರ್ತೀವಿ" ಎಂದೆ. ಒಬ್ಬರೇ ಹೊರಟರು. ಯಾಕೋ ಮುಖ ಸಪ್ಪಗಿತ್ತು. ಬೆಳಿಗ್ಗೆಯಿಂದ ಸರಿಯಾಗಿ ತಿಂದಿರಲಿಲ್ಲ, ಹಸಿದಿರಬೇಕು.

ವೇದಾ ಎದುರಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾಳೆ. ಭರೂಚ್ ದಾಟಿತು. ಒಂಟೆಯಿಂದ ಹೊಡೆದರೆ, ನಾನು ರಾಣಿಯನ್ನೇ ಕೊಟ್ಟರೆ? ಎಬ್ಬಿಸಲೇ?

17 ಸೆಪ್ಟೆಂಬರ್, ಭಾನುವಾರ

ವಾರವೆಲ್ಲ ಕಚೇರಿಯಲ್ಲಿ ಕೆಲಸ, ಬರೆಯಲಾಗಲಿಲ್ಲ. ವಲಯದ ಸುತ್ತೋಲೆ ಬಂದಿದೆ. ವೇದಾಳ ಹೆಸರಿದೆ. ತಂಡ ಹೊರಡುವವರೆಗೆ ದಿನವೂ ಊಟದ ಬಿಡುವಿನಲ್ಲಿ ಅವಳಿಗೆ ಬಿಳಿಯ ಅಭ್ಯಾಸ ಮಾಡಿಸುತ್ತೇನೆ. ಬಿಳಿಯಲ್ಲಿ ಅವಳು ಏನೂ ಸಾಲದು. ಮೊದಲ ನಡೆ ಕೈಗೆ ಸಿಕ್ಕರೆ ಏನು ಮಾಡಬೇಕೆಂದು ತಿಳಿಯದೆ ಕೂತಿರುತ್ತಾಳೆ. ನಾನಾಗಿದ್ದರೆ ಆ ಜಾಗದಲ್ಲಿ ಏನೇನು ಮಾಡುತ್ತಿದ್ದೆ ಎಂದು ನೆನೆದರೆ ಈಗಲೂ ಒಳಗೆ ಚುರುಕ್ ಎನ್ನುತ್ತದೆ.

ಇವತ್ತು ಊಟವಾದ ಮೇಲೆ ಮಣೆ ಹಾಕಿದೆ. ರಘುರಾಮ ಪೇಪರ್ ಓದುತ್ತಿದ್ದರು. ಒಂದೇ ಪುಟವನ್ನು ಬಹಳ ಹೊತ್ತಿನಿಂದ.

"ವೇದಾ ಬರ್ತಾರಾ?"

"ಬರ್ತಾಳೆ."

"ನನ್ನ ಜೊತೆ ಆಡೋಕಾ?"

"ಇಲ್ಲ ರೀ. ಆ ಎಫ್-ಮೂರು ಇನ್ನೂ ಮುಗಿದಿಲ್ಲ. ಫೋನಿನಲ್ಲಿ ಹೇಳಿದ್ಲು, ಏನೋ ಸಿಕ್ಕಿದೆಯಂತೆ."

"ಏನಷ್ಟು ಇದೆ ಅದರಲ್ಲಿ? ಒಂದು ವಾರದಿಂದ ಅದೇ ಆಯ್ತಲ್ಲ ನಿಮ್ಮಿಬ್ಬರಿಗೆ."

"ಕೂತ್ಕೊಳ್ಳಿ ಬೇಕಾದ್ರೆ, ಗೊತ್ತಾಗುತ್ತೆ."

"ಬೇಡ. ತರಕಾರಿ ತರಬೇಕು," ಎಂದು ಚೀಲ ತೆಗೆದುಕೊಂಡು ಹೊರಟರು. ತರಕಾರಿ ನಿನ್ನೆಯಷ್ಟೇ ತಂದಿದ್ದೇನೆ. ಹಾಗೆಂದು ಹೇಳುವಷ್ಟರಲ್ಲಿ ಮೆಟ್ಟಿಲಿಳಿದಿದ್ದರು. ಗೇಟು ಎಷ್ಟು ಜೋರಾಗಿ ಬಡಿಯಿತೆಂದರೆ ಮಣೆಯ ಮೇಲಿದ್ದ ರಾಣಿ ಅಲುಗಿದಳು. ಮಳೆಗೆ ಕೀಲು ತುಕ್ಕು ಹಿಡಿದಿರಬೇಕು. ಎಣ್ಣೆ ಹಾಕಿಸಬೇಕು.